ವಿಯೆನ್ನಾ: ಅರಮನೆಗಳನ್ನು ದಾಟಿ ಜನರ ಬಡಾವಣೆಗಳಿಗೆ ಹೋಗಬಹುದೇ?

ಪ್ರಶ್ನೆ: ನಾನು ಶಿವಮೊಗ್ಗದ ನಿವೃತ್ತ ಶಿಕ್ಷಕಿ, ವಯಸ್ಸು 63. ಮಗಳು ವಿಯೆನ್ನಾದಲ್ಲಿ ಉದ್ಯೋಗದಲ್ಲಿದ್ದಾಳೆ. ಬರುವ ಸೆಪ್ಟೆಂಬರ್‌ನಲ್ಲಿ ನಾನೂ ನಮ್ಮ ಯಜಮಾನರೂ ಒಂದು ತಿಂಗಳ ಮಟ್ಟಿಗೆ ಅವಳ ಮನೆಗೆ ಹೋಗುತ್ತಿದ್ದೇವೆ. ಹಿಂದಿನ ಸಲ ಅರಮನೆಗಳು, ಸಂತ ಸ್ಟೀಫನ್ ಕೆಥೆಡ್ರಲ್, ವಸ್ತುಸಂಗ್ರಹಾಲಯಗಳನ್ನೆಲ್ಲ ನೋಡಿಯಾಗಿದೆ. ಈ ಬಾರಿ ಅಲ್ಲಿಯ ಸಾಮಾನ್ಯ ಜನ ಬದುಕುವ ಬಡಾವಣೆಗಳನ್ನು ನೋಡಬೇಕೆಂಬ ಆಸೆ. ಆದರೆ ಅಲ್ಲಿರುವ ಪರಿಚಯದವರು 10 ಮತ್ತು 16ನೇ ಡಿಸ್ಟ್ರಿಕ್ಟ್‌ಗಳಿಗೆ (ನಗರದ ವಿಭಾಗಗಳಿಗೆ) ಹೋಗಲೇಬೇಡಿ, ಅಲ್ಲಿ ಕಳ್ಳಕಾಕರು ಹೆಚ್ಚು ಎನ್ನುತ್ತಾರೆ. ಮಗಳು ಹಗಲೆಲ್ಲ ಕಚೇರಿಯಲ್ಲಿರುತ್ತಾಳೆ. ನಮಗೆ ಜರ್ಮನ್ ಬಾರದು. ಯಜಮಾನರಿಗೆ ಮಂಡಿನೋವು. ನಾವು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು. ಅಪರಿಚಿತರ ವಸತಿ ಸಮುಚ್ಚಯದೊಳಗೆ ಕಾಲಿಟ್ಟರೆ ಯಾರಾದರೂ ಆಕ್ಷೇಪಿಸುತ್ತಾರೇನೋ ಎಂಬ ಅಳುಕೂ ಇದೆ. ಇಬ್ಬರೇ ಹೋಗುವುದು ಸರಿಯೇ? ಅಲ್ಲಿ ನೋಡುವಂಥದ್ದಾದರೂ ಏನಿದೆ?

ಉತ್ತರ: ಇಬ್ಬರೇ ಹೋಗಬಹುದು. ಭಾರತದಿಂದ ಬರುವ ಕುಟುಂಬಗಳಿಗೆ ಮಧ್ಯ ಯುರೋಪಿನ ಪ್ರವಾಸ ರೂಪಿಸಿಕೊಡುವುದೇ ನನ್ನ ವೃತ್ತಿ. ಮಕ್ಕಳ ಮನೆಗೆ ಬಂದ ಹಿರಿಯರು ಮೊದಲ ವಾರ ಎಲ್ಲವನ್ನೂ ನೋಡಿ ಮುಗಿಸಿ, ಉಳಿದ ದಿನಗಳನ್ನು ಫ್ಲ್ಯಾಟಿನ ಕಿಟಕಿಯ ಬಳಿ ಕಳೆಯುವುದನ್ನು ನಾನು ಬಹಳ ಕಂಡಿದ್ದೇನೆ. ನಿಮ್ಮ ಆಸೆ ಸಹಜವಾದದ್ದು, ವಿಯೆನ್ನಾ ಅದಕ್ಕೆ ತಕ್ಕ ನಗರವೂ ಹೌದು.

ಮೊದಲು ಭಯದ ವಿಷಯ. ನಿಮ್ಮ ಪರಿಚಯದವರು ಹೇಳಿದ್ದು ಪೂರ್ತಿ ಕಟ್ಟುಕಥೆಯಲ್ಲ. 10ನೇ ಡಿಸ್ಟ್ರಿಕ್ಟ್ ಆದ ಫಾವೊರಿಟೆನ್‌ನಲ್ಲಿ ಯುವಕರ ಗುಂಪುಗಳ ನಡುವೆ ಚಾಕು ಹಿಡಿದ ಜಗಳಗಳು ನಡೆದದ್ದರಿಂದ 2024ರಲ್ಲಿ ರಾಯ್ಮನ್‌ಪ್ಲಾಟ್ಸ್ ಚೌಕದ ಸುತ್ತಮುತ್ತ ಪೊಲೀಸರು ಆಯುಧ ನಿಷೇಧ ವಲಯವನ್ನು ಘೋಷಿಸಿದರು. ಆದರೆ ಅದೇ ಚೌಕದಲ್ಲಿ ಹಗಲಿನಲ್ಲಿ ಅಜ್ಜಿಯರು ಐಸ್‌ಕ್ರೀಂ ಹಿಡಿದು ಬೆಂಚಿನ ಮೇಲೆ ಕೂತಿರುತ್ತಾರೆ, ಮಕ್ಕಳು ಆಡುತ್ತಿರುತ್ತಾರೆ. ಆ ಜಗಳಗಳು ಹೆಚ್ಚಾಗಿ ರಾತ್ರಿಯವು, ಬಹುಮಟ್ಟಿಗೆ ತಮ್ಮತಮ್ಮೊಳಗಿನವು. ಬೆಳಿಗ್ಗೆ ಹತ್ತಕ್ಕೆ ಹೋಗಿ ಸಂಜೆ ಆರಕ್ಕೆ ಮರಳುವ ನಿಮ್ಮಂಥ ದಂಪತಿಗೆ ಅವುಗಳಿಂದ ತೊಂದರೆಯಾಗುವ ಸಂಭವ ಕಡಿಮೆ. ವಲಸಿಗರು ಹೆಚ್ಚಿರುವ ಬಡಾವಣೆಯನ್ನು ಅಪಾಯದ ಬಡಾವಣೆ ಎಂದು ಕರೆಯುವ ರೂಢಿ ನಮ್ಮವರಲ್ಲೂ ಬೆಳೆದುಬಿಟ್ಟಿದೆ. ಅದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಆ ಊರಿನಲ್ಲಿ ನಾವೂ ವಲಸಿಗರೇ.

ನಿಮ್ಮ ವಯಸ್ಸಿನ ಪ್ರವಾಸಿಗರಿಗೆ ನಿಜವಾದ ತೊಂದರೆಗಳು ಬೇರೆ ಕಡೆಯಿಂದ ಬರುತ್ತವೆ. ಜೇಬುಗಳ್ಳರು ಸುಳಿಯುವುದು ಪ್ರವಾಸಿಗರು ಕಿಕ್ಕಿರಿದ ನಗರಮಧ್ಯದಲ್ಲಿ, ಅಲ್ಲಿಗೆ ಹೋಗುವ ಮೆಟ್ರೊ ರೈಲುಗಳಲ್ಲಿ. ಮೇಲೆ ಕತ್ತೆತ್ತಿ ಶಿಖರ ನೋಡುತ್ತ ನಿಂತವರ ಕೈಚೀಲವೇ ಅವರ ಗುರಿ. ಇನ್ನೊಂದು, ಟ್ರಾಮ್. ಆಸ್ಟ್ರಿಯಾದಲ್ಲಿ ಜೀಬ್ರಾ ಪಟ್ಟೆಯ ಮೇಲೆ ಕಾಲಿಟ್ಟರೆ ಕಾರುಗಳು ನಿಲ್ಲುತ್ತವೆ. ಅದನ್ನು ಎರಡು ದಿನ ಕಂಡ ನಮ್ಮವರು ಮೂರನೆಯ ದಿನ ಧೈರ್ಯದಿಂದ ರಸ್ತೆಗಿಳಿಯುತ್ತಾರೆ. ಆದರೆ ಸಿಗ್ನಲ್ ಇಲ್ಲದ ಪಟ್ಟೆಯಲ್ಲಿ ಟ್ರಾಮ್ ಪಾದಚಾರಿಗೆ ದಾರಿ ಬಿಡಬೇಕಾಗಿಲ್ಲ. ಕಾನೂನಿನ ಪ್ರಕಾರ ದಾರಿ ಟ್ರಾಮಿನದೇ. ಹಳಿ ಕಂಡಲ್ಲೆಲ್ಲ ನಿಂತು ಎರಡೂ ಕಡೆ ನೋಡಿಯೇ ದಾಟಿ. ಹಾಗೆಯೇ ಪಾದಚಾರಿ ಮಾರ್ಗಕ್ಕೆ ಅಂಟಿಕೊಂಡಿರುವ ಸೈಕಲ್ ಪಥದ ಮೇಲೆ ನಿಂತು ಫೋಟೊ ತೆಗೆಯಬೇಡಿ. ಒಂದು ತಿಂಗಳಲ್ಲಿ ನಿಮಗೆ ಪೆಟ್ಟಾಗುವ ಸಂಭವ ಏನಾದರೂ ಇದ್ದರೆ ಅದು ಈ ಎರಡರಿಂದಲೇ.

ಇನ್ನು, ನೋಡುವಂಥದ್ದೇನಿದೆ ಎಂದು ಕೇಳಿದ್ದೀರಿ. ವಿಯೆನ್ನಾದ ಹೊರಗಿನ ಬಡಾವಣೆಗಳಲ್ಲಿ ಸುಮ್ಮನೆ ನಡೆದರೆ ಒಂದೇ ಎತ್ತರದ ಮನೆಗಳ ಸಾಲುಗಳು ಕಾಣುತ್ತವೆ, ಅಷ್ಟೆ. ಆದ್ದರಿಂದ ಹೊರಡುವ ಮುಂಚೆ ಆ ಊರಿನ ಎರಡು ಗೋಡೆಗಳ ಕಥೆ ಗೊತ್ತಿದ್ದರೆ ಒಳ್ಳೆಯದು. ಒಳಗಿನದು ಹಳೆಯ ಕೋಟೆಗೋಡೆ. ಚಕ್ರವರ್ತಿ ಫ್ರಾನ್ಸ್ ಜೋಸೆಫ್ 1857ರಲ್ಲಿ ಅದನ್ನು ಕೆಡವಲು ಆಜ್ಞೆ ಮಾಡಿದ. ಆ ಜಾಗದಲ್ಲಿ ಎದ್ದದ್ದು ನೀವು ನೋಡಿ ಬಂದಿರುವ ರಿಂಗ್‌ಷ್ಟ್ರಾಸೆ ಎಂಬ ವರ್ತುಲ ರಸ್ತೆ, ಅದರ ಮೇಲಿನ ಅಪೆರಾ, ಸಂಸತ್ತು, ವಸ್ತುಸಂಗ್ರಹಾಲಯಗಳು. ಹೊರಗಿನದು ಲೀನಿಯೆನ್‌ವಾಲ್ ಎಂಬ ಎರಡನೆಯ ಗೋಡೆ. ಹಂಗೆರಿಯ ಕಡೆಯಿಂದ ಬರುತ್ತಿದ್ದ ದಾಳಿಗಾರರನ್ನು ತಡೆಯಲು 1704ರಲ್ಲಿ ಅದನ್ನು ತರಾತುರಿಯಲ್ಲಿ ಎಬ್ಬಿಸಿದರು. ದಾಳಿಗಳ ಕಾಲ ಮುಗಿದ ಮೇಲೂ ಅದು ಉಳಿದುಕೊಂಡಿತು, ಏಕೆಂದರೆ ಅದರ ದ್ವಾರಗಳು ನಮ್ಮ ಊರುಗಳ ಹೊರಗಿದ್ದ ಸುಂಕದ ಕಟ್ಟೆಗಳಂತೆ ಖಜಾನೆಗೆ ಹಣ ತರುತ್ತಿದ್ದವು. ಆಹಾರ, ಪಾನೀಯ, ಸೌದೆ, ಏನನ್ನು ಗೋಡೆಯ ಒಳಕ್ಕೆ ತಂದರೂ ತೆರಿಗೆ ಕಟ್ಟಬೇಕಿತ್ತು.

ಹಾಗಾಗಿ ಗೋಡೆಯ ಒಳಗೆ ಬದುಕು ದುಬಾರಿ, ಹೊರಗೆ ಅಗ್ಗ. ಇಂದಿನ ಚೆಕ್ ದೇಶದಲ್ಲಿರುವ ಬೊಹೀಮಿಯ, ಮೊರಾವಿಯಗಳಿಂದ ಕೂಲಿ ಅರಸಿ ಬಂದ ಜನ ಸಹಜವಾಗಿಯೇ ಹೊರಗೆ ನೆಲೆಸಿದರು. ಒಟ್ಟಾಕ್ರಿಂಗ್, ಹೆರ್ನಾಲ್ಸ್, ಫಾವೊರಿಟೆನ್ ಬೆಳೆದದ್ದು ಹೀಗೆ. ಅವರಿಗಾಗಿ ಕಟ್ಟಿದ ಬಾಡಿಗೆ ಮನೆಗಳು ಇಂದಿಗೂ ಇವೆ. ಹೊರಗಡೆ ಅರಮನೆಯಂಥ ಗಾರೆ ಕೆಲಸ. ಒಳಗೆ ಒಂದು ಅಡಿಗೆಮನೆ, ಒಂದು ಕೋಣೆ. ನೀರು ಬೇಕೆಂದರೆ ಓಣಿಯಂಥ ಮೊಗಸಾಲೆಗೆ ಬಂದು, ಅಂತಸ್ತಿನವರೆಲ್ಲರಿಗೂ ಸೇರಿ ಇದ್ದ ಒಂದೇ ನಲ್ಲಿಯಲ್ಲಿ ಹಿಡಿಯಬೇಕು. ಅದಕ್ಕೆ ಬಸ್ಸೇನ ಎನ್ನುತ್ತಾರೆ. ಗೋಡೆಗೆ ಹಚ್ಚಿದ ಎರಕದ ಕಬ್ಬಿಣದ ಆ ತೊಟ್ಟಿಗಳನ್ನು ಕೆಲವು ಹಳೆಯ ಕಟ್ಟಡಗಳಲ್ಲಿ ಈಗಲೂ ಕಾಣಬಹುದು. ಬಾಡಿಗೆ ಹೊಂದಿಸಲಾಗದೆ, ತಮ್ಮ ಹಾಸಿಗೆಯನ್ನೇ ದಿನಕ್ಕೆ ಕೆಲವು ಗಂಟೆ ಅಪರಿಚಿತ ಕೂಲಿಗಳಿಗೆ ಬಾಡಿಗೆಗೆ ಕೊಡುತ್ತಿದ್ದ ಕುಟುಂಬಗಳಿದ್ದವು. 1890ರ ದಶಕದಲ್ಲಿ ಗೋಡೆ ಹೋಯಿತು, ಹೊರಗಿನ ಹೆಚ್ಚಿನ ಊರುಗಳು ನಗರಕ್ಕೆ ಸೇರಿದವು, ಗೋಡೆಯ ಜಾಗದಲ್ಲಿ ಗ್ಯುರ್ಟೆಲ್ ಎಂಬ ಅಗಲವಾದ ರಸ್ತೆ ಬಂತು. ಆದರೂ ಆ ರಸ್ತೆ ದಾಟಿದ ಕೂಡಲೇ ಅಂಗಡಿಗಳ ಬಗೆ, ಬೆಲೆ, ಕಿವಿಗೆ ಬೀಳುವ ಭಾಷೆಗಳು ಬದಲಾಗುವುದನ್ನು ಇಂದಿಗೂ ಗಮನಿಸಬಹುದು.

ಇದನ್ನು ಕಣ್ಣಾರೆ ಕಾಣಲು ನಾನು ಮೊದಲು ಸೂಚಿಸುವುದು, ನಿಮಗೆ ಬೇಡವೆಂದು ಹೇಳಿದ ಅದೇ 16ನೇ ಡಿಸ್ಟ್ರಿಕ್ಟ್ ಒಟ್ಟಾಕ್ರಿಂಗನ್ನು. ಯು6 ಮೆಟ್ರೊದಲ್ಲಿ ಯೋಸೆಫ್‌ಷ್ಟೇಟರ್ ಷ್ಟ್ರಾಸೆ ನಿಲ್ದಾಣಕ್ಕೆ ಬನ್ನಿ. ವಾಸ್ತುಶಿಲ್ಪಿ ಒಟ್ಟೊ ವಾಗ್ನರ್ ವಿನ್ಯಾಸ ಮಾಡಿ 1898ರಲ್ಲಿ ಆರಂಭವಾದ ನಗರ ರೈಲುಮಾರ್ಗದ ಮೇಲೆಯೇ ಈಗ ಯು6 ಓಡುತ್ತದೆ. ಇಟ್ಟಿಗೆಯ ಕಮಾನುಗಳು, ಹಸಿರು ಬಣ್ಣದ ಕಬ್ಬಿಣದ ಕಟಾಂಜನ ಎಲ್ಲ ಆ ಕಾಲದ ವಿನ್ಯಾಸವೇ. ಅಲ್ಲಿಂದ ಕೆಲವೇ ನಿಮಿಷ ಪಶ್ಚಿಮಕ್ಕೆ ನಡೆದರೆ ಬ್ರುನೆನ್‌ಮಾರ್ಕ್ಟ್ ಎಂಬ ಬೀದಿ ಸಂತೆ. ಒಂದು ಇಡೀ ಬೀದಿಯ ಉದ್ದಕ್ಕೂ ತರಕಾರಿ, ಹಣ್ಣು, ಆಲಿವ್, ಚೀಸ್, ಬಟ್ಟೆ, ಪಾತ್ರೆಗಳ ಮಳಿಗೆಗಳು. ಆಸ್ಟ್ರಿಯಾ 1964ರಲ್ಲಿ ಟರ್ಕಿಯೊಡನೆ, 1966ರಲ್ಲಿ ಯುಗೊಸ್ಲಾವಿಯದೊಡನೆ ಒಪ್ಪಂದ ಮಾಡಿಕೊಂಡು ಕಾರ್ಮಿಕರನ್ನು ಕರೆಸಿಕೊಂಡಿತು. ಬೊಹೀಮಿಯದವರು ಬಿಟ್ಟುಹೋದ ಅಗ್ಗದ ಮನೆಗಳಿಗೆ ಬಂದವರು ಇವರು. ಇವರ ಮಕ್ಕಳು, ಮೊಮ್ಮಕ್ಕಳೇ ಇಂದು ಈ ಮಳಿಗೆಗಳಲ್ಲಿ ನಿಂತಿದ್ದಾರೆ. ಕೊತ್ತಂಬರಿ, ಪುದೀನ, ಬೆಂಡೆಕಾಯಿ, ದಪ್ಪ ಬದನೆ ಹುಡುಕಲು ಮೊದಲು ಇಲ್ಲಿಗೇ ಬನ್ನಿ. ಮಗಳ ಅಡಿಗೆಮನೆಗೆ ಬೇಕಾದ್ದರಲ್ಲಿ ಬಹುಪಾಲು ಸಿಗುತ್ತದೆ. ಸಂತೆಯ ಉತ್ತರದ ತುದಿಗೆ ಇಪ್ಪೆನ್‌ಪ್ಲಾಟ್ಸ್ ಎಂಬ ಚೌಕವಿದೆ. ಶನಿವಾರ ಬೆಳಿಗ್ಗೆ ಸುತ್ತಲಿನ ಹಳ್ಳಿಗಳ ರೈತರು ತಮ್ಮ ಬೆಳೆಯನ್ನು ಅಲ್ಲಿಗೆ ತರುತ್ತಾರೆ. ಕೂರಲು ಜಾಗ ಧಾರಾಳವಾಗಿರುವುದರಿಂದ ಯಜಮಾನರಿಗೂ ಅನುಕೂಲ.

ಒಂದು ಎಚ್ಚರಿಕೆ ಹೇಳಬೇಕು. ಮಳಿಗೆಯವರನ್ನು ಕೇಳದೆ ಅವರ ಮುಖದ ಹತ್ತಿರ ಫೋನು ಹಿಡಿಯಬೇಡಿ. ತರಕಾರಿ ಕೊಂಡು, ನಗುತ್ತ ಕ್ಯಾಮೆರಾ ತೋರಿಸಿ ಅನುಮತಿ ಕೇಳಿದರೆ ಬಹಳ ಮಂದಿ ಒಪ್ಪುತ್ತಾರೆ. ಭಾಷೆ ಬಾರದು ಎಂಬ ಚಿಂತೆ ಬೇಡ. ಅಂಗಡಿಗೆ ಕಾಲಿಡುವಾಗ ‘ಗ್ರ್ಯೂಸ್ ಗಾಟ್’ ಎಂದು ನಮಸ್ಕಾರ ಹೇಳುವುದು ಅಲ್ಲಿಯ ಕನಿಷ್ಠ ಮರ್ಯಾದೆ. ಅದೊಂದನ್ನು ಮರೆಯದಿದ್ದರೆ ಉಳಿದದ್ದನ್ನು ಇಂಗ್ಲಿಷು, ಕೈಸನ್ನೆಗಳಲ್ಲಿ ನಿಭಾಯಿಸಬಹುದು.

ಎರಡನೆಯದಾಗಿ, ಮತ್ತು ನನ್ನ ಮಟ್ಟಿಗೆ ಅತಿ ಮುಖ್ಯವಾಗಿ, ನಗರಸಭೆ ಕಟ್ಟಿದ ಮನೆಗಳು. ಮೊದಲ ಮಹಾಯುದ್ಧದ ನಂತರ ವಿಯೆನ್ನಾದ ನಗರಸಭೆ ಸಮಾಜವಾದಿ ಪ್ರಜಾಪ್ರಭುತ್ವ ಪಕ್ಷದ ಕೈಗೆ ಬಂತು. ಹಣಕಾಸು ನೋಡಿಕೊಳ್ಳುತ್ತಿದ್ದ ಹ್ಯೂಗೊ ಬ್ರೈಟ್ನರ್ 1923ರಲ್ಲಿ ವಸತಿ ತೆರಿಗೆಯನ್ನು ತಂದರು. ಚಿಕ್ಕ ಮನೆಗೆ ಅತ್ಯಲ್ಪ, ವಿಲಾಸಿ ಬಂಗಲೆಗೆ ಭಾರಿ ತೆರಿಗೆ. ಆ ಹಣ ನೇರವಾಗಿ ಕಾರ್ಮಿಕರ ಮನೆಗಳಿಗೆ. 1934ರ ಹೊತ್ತಿಗೆ 60,000ಕ್ಕೂ ಹೆಚ್ಚು ಮನೆಗಳು ಎದ್ದವು. ಆ ಮನೆಗಳಿಗೆ ಒಳಗೇ ನೀರು, ಒಳಗೇ ಶೌಚಾಲಯ ಇತ್ತು ಎಂಬುದರ ಬೆಲೆ, ಬಸ್ಸೇನದ ಮುಂದೆ ಸರದಿ ನಿಂತವರಿಗೆ ಎಷ್ಟಿತ್ತೆಂಬುದನ್ನು ನೀವು ಊಹಿಸಬಲ್ಲಿರಿ. ಇಂದು ನಗರಸಭೆಯ ಒಡೆತನದಲ್ಲಿ ಸುಮಾರು 2,20,000 ಮನೆಗಳಿವೆ; 20 ಲಕ್ಷ ದಾಟಿದ ಜನಸಂಖ್ಯೆಯಲ್ಲಿ ಸುಮಾರು ಕಾಲು ಭಾಗ ಅವುಗಳಲ್ಲೇ ವಾಸವಾಗಿದೆ. ಇವನ್ನು ಗುರುತಿಸುವುದು ಸುಲಭ: ಗೋಡೆಯ ಮೇಲೆ ದೊಡ್ಡ ಕೆಂಪು ಅಕ್ಷರಗಳಲ್ಲಿ, ವಿಯೆನ್ನಾ ನಗರ ಇಂಥ ವರ್ಷದಲ್ಲಿ ಕಟ್ಟಿಸಿತು ಎಂದು ಬರೆದಿರುತ್ತದೆ, ಹಳೆಯ ಹಲವು ಕಟ್ಟಡಗಳಲ್ಲಿ ‘ವಸತಿ ತೆರಿಗೆಯ ಹಣದಿಂದ’ ಎಂಬ ಮಾತೂ ಸೇರಿರುತ್ತದೆ. ಅಂಕಿಗಳನ್ನು ಓದಲು ಜರ್ಮನ್ ಬೇಕಿಲ್ಲ. ಯಾವ ಬಡಾವಣೆಗೆ ಹೋದರೂ ಆ ಕೆಂಪು ಅಕ್ಷರಗಳನ್ನು ಹುಡುಕಿ, ವರ್ಷ ಓದಿ.

ಇವುಗಳಲ್ಲಿ ಹೆಸರಾದದ್ದು 19ನೇ ಡಿಸ್ಟ್ರಿಕ್ಟ್‌ನ ಕಾರ್ಲ್ ಮಾರ್ಕ್ಸ್ ಹೋಫ್. ಯು4 ಮೆಟ್ರೊದ ಕೊನೆಯ ನಿಲ್ದಾಣ ಹೈಲಿಗೆನ್‌ಷ್ಟಾಟ್‌ನಲ್ಲಿ ಇಳಿದು ಹೊರಬಂದರೆ ಅದು ಎದುರಿಗೇ ನಿಂತಿದೆ. ಕಾರ್ಲ್ ಏನ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸ, 1930ರಲ್ಲಿ ಉದ್ಘಾಟನೆ, ಒಂದು ಕಿಲೋಮೀಟರಿಗೂ ಮಿಗಿಲಾದ ಉದ್ದ, 1,382 ಮನೆಗಳು. ಮಧ್ಯದಲ್ಲಿ ಹೆಬ್ಬಾಗಿಲಿನಂಥ ಕಮಾನುಗಳ ಸಾಲು. ಅವುಗಳ ಮೇಲೆ ಸ್ವಾತಂತ್ರ್ಯ, ಆರೈಕೆ, ಜ್ಞಾನೋದಯ, ದೇಹಶಿಕ್ಷಣಗಳನ್ನು ಸೂಚಿಸುವ ನಾಲ್ಕು ಸುಟ್ಟಮಣ್ಣಿನ ಮೂರ್ತಿಗಳು. ಅರಸರ ಅರಮನೆಯ ಮೇಲೆ ದೇವತೆಗಳಿರುವ ಜಾಗದಲ್ಲಿ ಇಲ್ಲಿ ಇವು ನಿಂತಿವೆ. ಒಟ್ಟು ಜಾಗದಲ್ಲಿ ಐದನೆಯ ಒಂದು ಪಾಲಿಗಿಂತ ಕಡಿಮೆ ಭಾಗದಲ್ಲಿ ಮಾತ್ರ ಕಟ್ಟಡವಿದೆ, ಉಳಿದದ್ದೆಲ್ಲ ಹುಲ್ಲು, ಮರ, ಮಕ್ಕಳ ಆಟದ ಬಯಲು. ಶಿಶುವಿಹಾರ, ಗ್ರಂಥಾಲಯ, ದಂತ ಚಿಕಿತ್ಸಾಲಯ, ಸ್ನಾನಗೃಹ, ಬಟ್ಟೆ ಒಗೆಯುವ ಯಂತ್ರಗಳ ಕಟ್ಟಡ ಎಲ್ಲವನ್ನೂ ಒಳಗೇ ಕಟ್ಟಿದ್ದರು. 1934ರ ಫೆಬ್ರವರಿಯ ಅಂತರ್ಯುದ್ಧದಲ್ಲಿ ಇಲ್ಲಿ ಅಡಗಿ ಪ್ರತಿರೋಧಿಸಿದ ಕಾರ್ಮಿಕರ ಮೇಲೆ ಸೈನ್ಯ ಫಿರಂಗಿ ಹಾರಿಸಿತು. ಕಟ್ಟಡದ ಮುಂದಿನ ಚೌಕಕ್ಕೆ ಫೆಬ್ರವರಿ 12ರ ಹೆಸರನ್ನೇ ಇಟ್ಟಿದ್ದಾರೆ. ಬಟ್ಟೆ ಒಗೆಯುವ ಕಟ್ಟಡದ ಒಂದು ಭಾಗದಲ್ಲಿ ಈಗ ಆ ಕಾಲದ ಚಿತ್ರ, ದಾಖಲೆಗಳ ಪ್ರದರ್ಶನವಿದೆ.

ಅಂಗಳದೊಳಗೆ ಹೋಗಬಹುದೇ ಎಂಬ ನಿಮ್ಮ ಅಳುಕಿಗೆ ಇಲ್ಲಿ ಉತ್ತರವಿದೆ. ನಗರಸಭೆಯ ಈ ವಸತಿ ಸಮುಚ್ಚಯಗಳ ಅಂಗಳಗಳು ಹಗಲಿನಲ್ಲಿ ಸಾಮಾನ್ಯವಾಗಿ ತೆರೆದಿರುತ್ತವೆ, ಜನ ಅಡ್ಡದಾರಿಯಾಗಿ ಬಳಸುತ್ತಲೇ ಇರುತ್ತಾರೆ. ನೀವು ನಡೆದು ಹೋಗಬಹುದು, ಬೆಂಚಿನ ಮೇಲೆ ಕೂರಬಹುದು. ಮೆಟ್ಟಿಲು ಹತ್ತಿ ಮನೆಗಳ ಬಾಗಿಲವರೆಗೆ ಹೋಗುವುದು, ಕಿಟಕಿಗಳತ್ತ, ಆಡುವ ಮಕ್ಕಳತ್ತ ಕ್ಯಾಮೆರಾ ತಿರುಗಿಸುವುದು ಮಾತ್ರ ತಪ್ಪು. ಹಳೆಯ ಖಾಸಗಿ ಕಟ್ಟಡಗಳ ಸಂಗತಿ ಬೇರೆ. ಅವುಗಳಲ್ಲಿ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಮನೆಯ ಮಧ್ಯದಿಂದಲೇ ಹಾಯುವ ದಾರಿಗಳಿರುವುದುಂಟು. ಅಲ್ಲಿ ಒಂದು ಫಲಕ ಹಾಕಿರುತ್ತಾರೆ: ಈ ದಾರಿಯನ್ನು ಮಾಲೀಕರು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದಾರೆ, ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು ಎಂದು. ಬಾಗಿಲು ತೆರೆದಿದ್ದರೆ ಮೆಲ್ಲನೆ ಹಾದುಹೋಗಿ, ಮುಚ್ಚಿದ್ದರೆ ತಳ್ಳಬೇಡಿ.

ಹೈಲಿಗೆನ್‌ಷ್ಟಾಟ್‌ಗೆ ಹೋದ ದಿನವೇ ಇನ್ನೂ ಮುಂದೆ ಹೋಗಬಹುದು. ಗೋಡೆಯ ಹೊರಗಿದ್ದದ್ದೆಲ್ಲ ಬಡ ಬಡಾವಣೆ ಎಂಬ ಲೆಕ್ಕಕ್ಕೆ ಈ 19ನೇ ಡಿಸ್ಟ್ರಿಕ್ಟ್ ಹೊರತು: ಗುಡ್ಡ, ದ್ರಾಕ್ಷಿತೋಟ, ಪಶ್ಚಿಮದ ಶುದ್ಧ ಗಾಳಿ ಇರುವುದರಿಂದ ಇದು ಸಿರಿವಂತರ ನೆಲೆ. ಕಿವುಡುತನ ಹೆಚ್ಚುತ್ತಿದ್ದ ಬೀಥೋವನ್ 1802ರಲ್ಲಿ ತನ್ನ ಸೋದರರಿಗೆ ಬರೆದು ಕಳಿಸದೆ ಇಟ್ಟುಕೊಂಡ ನೋವಿನ ಪತ್ರ ಆಗ ಹಳ್ಳಿಯಾಗಿದ್ದ ಈ ಹೈಲಿಗೆನ್‌ಷ್ಟಾಟ್‌ನಲ್ಲಿ ಬರೆದದ್ದು. ಪ್ರೊಬುಸ್‌ಗಾಸೆ ಎಂಬ ಬೀದಿಯ ಮನೆಯೊಂದು ಅದರ ನೆನಪಿನ ವಸ್ತುಸಂಗ್ರಹಾಲಯವಾಗಿದೆ. ನಡೆಯಲಾಗದಿದ್ದರೆ ಮೆಟ್ರೊ ನಿಲ್ದಾಣದಿಂದಲೇ 38ಎ ಬಸ್ಸು ಹತ್ತಿ ಕಾಲೆನ್‌ಬೆರ್ಗ್ ಗುಡ್ಡದ ತುದಿಯವರೆಗೆ ಕೂತೇ ಹೋಗಿ. ದ್ರಾಕ್ಷಿತೋಟಗಳ ನಡುವೆ ಏರುವ ಆ ರಸ್ತೆ, ಮೇಲಿಂದ ಕಾಣುವ ಡ್ಯಾನ್ಯೂಬ್ ನದಿ, ಸೆಪ್ಟೆಂಬರ್‌ನಲ್ಲಿ ನೋಡತಕ್ಕದ್ದು.

ಫಾವೊರಿಟೆನ್‌ಗೆ ಮೂರನೆಯ ಸ್ಥಾನ ಕೊಡುತ್ತೇನೆ, ಅದೂ ನಿಮಗೆ ಕುತೂಹಲವಿದ್ದರೆ. ಅಲ್ಲಿ ಕಣ್ಣಿಗೆ ಸೊಗಸಾದದ್ದು ಕಡಿಮೆ. ಆದರೆ ರಿಂಗ್‌ಷ್ಟ್ರಾಸೆಯ ಅರಮನೆಗಳ ಇಟ್ಟಿಗೆ ಬೆಂದದ್ದು ಇದರ ದಕ್ಷಿಣದ ವೀನರ್‌ಬೆರ್ಗ್ ದಿಬ್ಬದ ಗೂಡುಗಳಲ್ಲಿ. ಆ ಕೂಲಿಗಳಿಗೆ ಹಣದ ಬದಲು ತಗಡಿನ ಬಿಲ್ಲೆಗಳನ್ನು ಕೊಡುತ್ತಿದ್ದರು. ಅವು ನಡೆಯುತ್ತಿದ್ದದ್ದು ಇಟ್ಟಿಗೆ ಕಾರ್ಖಾನೆಯ ಸ್ವಂತ ಅಂಗಡಿಯಲ್ಲಿ ಮಾತ್ರ, ಅಲ್ಲಿ ಬೆಲೆಯೂ ಹೆಚ್ಚು. ವೈದ್ಯರಾಗಿದ್ದ ವಿಕ್ಟರ್ ಆಡ್ಲರ್ 1888ರಲ್ಲಿ ಒಳಹೊಕ್ಕು ಇದನ್ನು ಕಂಡು ಪತ್ರಿಕೆಯಲ್ಲಿ ಬರೆದರು. ಫಾವೊರಿಟೆನ್‌ನ ಸಂತೆಗೆ ಅವರದೇ ಹೆಸರು. ಮಣ್ಣು ತೆಗೆದ ಗುಂಡಿ ಈಗ ಕೆರೆ, ಸುತ್ತ ಹಸಿರು ಉದ್ಯಾನ. ರಾಯ್ಮನ್‌ಪ್ಲಾಟ್ಸ್‌ನಲ್ಲಿ 1926ರ ಅಮಾಲಿಯೆನ್‌ಬಾಡ್ ಎಂಬ ಸಾರ್ವಜನಿಕ ಸ್ನಾನಗೃಹ, ಈಜುಕೊಳ ಇದೆ. ಇದನ್ನು ಬೆಳಿಗ್ಗೆ ನೋಡಿ, ಸಂಜೆಗೆ ಇಟ್ಟುಕೊಳ್ಳಬೇಡಿ. ಹೊಸ ಊರನ್ನು ಹೇಗೆ ಕಟ್ಟುತ್ತಾರೆಂದು ನೋಡುವ ಮನಸ್ಸಿದ್ದರೆ, ಫಾವೊರಿಟೆನ್‌ನಿಂದ ದೂರ, ಹಳೆಯ ವಿಮಾನ ನಿಲ್ದಾಣದ ಜಾಗದಲ್ಲಿ ಏಳುತ್ತಿರುವ ಝೇಷ್ಟಾಟ್ ಇದೆ. ಅಲ್ಲಿಯ ಬೀದಿಗಳಲ್ಲಿ ಬಹುಪಾಲಕ್ಕೆ ಮಹಿಳೆಯರ ಹೆಸರಿಟ್ಟಿದ್ದಾರೆ. ಯು2 ಮೆಟ್ರೊ ಅಲ್ಲಿಯವರೆಗೂ ಹೋಗುತ್ತದೆ.

ಮಂಡಿನೋವಿಗೆ ಸಂಬಂಧಿಸಿದಂತೆ, ಮೆಟ್ರೊ ನಿಲ್ದಾಣಗಳಲ್ಲೆಲ್ಲ ಲಿಫ್ಟ್ ಇದೆ, ಬಹುತೇಕ ಟ್ರಾಮ್‌ಗಳ ನೆಲ ತಗ್ಗಾಗಿರುವುದರಿಂದ ಹತ್ತುವುದು ಸುಲಭ. ಒಂದು ದಿನಕ್ಕೆ ಒಂದೇ ಬಡಾವಣೆ ಇಟ್ಟುಕೊಳ್ಳಿ. ನೋವು ಹೆಚ್ಚಿದ ದಿನ ನಡೆಯುವ ಬದಲು ಟ್ರಾಮಿನ ಕಿಟಕಿಯ ಬಳಿ ಕೂತು ಕೊನೆಯ ನಿಲ್ದಾಣದವರೆಗೆ ಹೋಗಿ ಬನ್ನಿ. ಡಿ ಟ್ರಾಮ್ ರಿಂಗ್‌ಷ್ಟ್ರಾಸೆಯ ಮೇಲೆ ಸಾಗಿ ಕಾರ್ಲ್ ಮಾರ್ಕ್ಸ್ ಹೋಫ್‌ನ ಪಕ್ಕದಲ್ಲೇ ಹಾದು ನುಸ್‌ಡೋರ್ಫ್ ದ್ರಾಕ್ಷಿತೋಟಗಳ ಅಂಚಿಗೆ ತಲುಪುತ್ತದೆ. ಟಿಕೆಟ್ಟನ್ನು ಹತ್ತುವ ಮೊದಲೇ ಕೊಂಡಿರಬೇಕು. ಕಾಗದದ ಟಿಕೆಟ್ಟಾದರೆ ಅದರ ಮೇಲೆ ಮುದ್ರೆ ಒತ್ತಿಸಬೇಕಾದದ್ದೇ ಎಂದು ನೋಡಿಕೊಳ್ಳಿ. ನಿಲ್ದಾಣಗಳಲ್ಲಿ ಗೇಟು ಇಲ್ಲವೆಂದು ಯಾರೂ ಕೇಳುವುದಿಲ್ಲ ಎಂದುಕೊಳ್ಳಬೇಡಿ: ತಪಾಸಣೆಯವರು ಸಾಮಾನ್ಯ ಉಡುಪಿನಲ್ಲೂ ಬರುತ್ತಾರೆ, ದಂಡ 100 ಯೂರೊ ಮೀರುತ್ತದೆ, ಪ್ರವಾಸಿಗ ಎಂಬ ರಿಯಾಯಿತಿ ಇಲ್ಲ.

ಊಟದಲ್ಲಿ ಮೋಸಹೋಗುವ ಜಾಗ ಸೂಪು. ದೋಸೆಯಂಥದನ್ನು ಎಳೆಎಳೆಯಾಗಿ ಕತ್ತರಿಸಿ ಹಾಕಿದ ಫ್ರಿಟಾಟೆನ್ ಸೂಪು ನೋಡಲು ನಿರಪಾಯಕಾರಿ, ಆದರೆ ಅದರ ತಿಳಿ ದನದ ಮಾಂಸದ್ದು, ದೋಸೆಯಲ್ಲಿ ಮೊಟ್ಟೆ. ಬ್ರೆಡ್ಡಿನ ಮೇಲೆ ಹಚ್ಚಿಕೊಡುವ ಬಿಳಿ ಷ್ಮಾಲ್ಟ್ಸ್ ಹಂದಿಯ ಕೊಬ್ಬು. ಆಸ್ಟ್ರಿಯಾದ ಮೆನುಗಳಲ್ಲಿ ತಿನಿಸಿನ ಪಕ್ಕ ಸಣ್ಣ ಇಂಗ್ಲಿಷ್ ಅಕ್ಷರಗಳಿರುತ್ತವೆ, ಅವು ಅಲರ್ಜಿಯ ಸೂಚನೆಗಳು: ಸಿ ಎಂದರೆ ಮೊಟ್ಟೆ, ಡಿ ಎಂದರೆ ಮೀನು, ಜಿ ಎಂದರೆ ಹಾಲು. ಮಾಂಸಕ್ಕೆ ಅಕ್ಷರವಿಲ್ಲದ್ದರಿಂದ ಅದನ್ನು ಬಾಯಿಬಿಟ್ಟೇ ಕೇಳಬೇಕು. ‘ಮಾಂಸ, ಮೀನು, ಮೊಟ್ಟೆ, ಮಾಂಸದ ತಿಳಿ ಬೇಡ’ ಎಂದು ಮಗಳಿಂದ ಜರ್ಮನ್‌ನಲ್ಲಿ ಒಂದು ಚೀಟಿ ಬರೆಸಿಕೊಳ್ಳಿ. ಬ್ರುನೆನ್‌ಮಾರ್ಕ್ಟ್‌ನಲ್ಲಿ ಕಡಲೆಯ ಫಲಾಫಲ್, ಎಳ್ಳು ಹಚ್ಚಿದ ಬ್ರೆಡ್ಡಿನ ಬಳೆ, ಹಣ್ಣು ಸಿಗುತ್ತವೆ. ಫಲಾಫಲ್ ಕರಿದ ಎಣ್ಣೆಯಲ್ಲಿ ಮಾಂಸ ಕರಿದಿದ್ದಾರೆಯೇ ಎಂದು ಕೇಳಿಯೇ ಕೊಳ್ಳಿ. ಕುಡಿಯುವ ನೀರಿಗೆ ದುಡ್ಡು ಖರ್ಚು ಮಾಡಬೇಡಿ. 1873ರಿಂದ ಆಲ್ಪ್ಸ್ ಬೆಟ್ಟದ ಬುಗ್ಗೆಗಳ ನೀರು ಕೊಳವೆಯಲ್ಲಿ ಊರಿಗೆ ಬರುತ್ತಿದೆ, ನಲ್ಲಿಯದನ್ನೇ ಬಾಟಲಿಗೆ ತುಂಬಿಕೊಳ್ಳಿ.

ಮಾರ್ಗದರ್ಶಕರನ್ನು ಗೊತ್ತುಮಾಡಿಕೊಂಡರೆ ಕಥೆ ಹೆಚ್ಚು ತಿಳಿಯುತ್ತದೆ, ಆದರೆ ಗುಂಪಿನ ವೇಗಕ್ಕೆ ಮಂಡಿ ಒಪ್ಪಲಿಕ್ಕಿಲ್ಲ. ಆಸ್ಟ್ರಿಯಾದಲ್ಲಿ ಈ ವೃತ್ತಿಗೆ ಪರೀಕ್ಷೆ ಮತ್ತು ಪರವಾನಗಿ ಬೇಕು, ಆದ್ದರಿಂದ ಪರವಾನಗಿ ಇರುವವರನ್ನೇ ಕೇಳಿ. ನನ್ನ ಸಲಹೆ: ಮೊದಲ ಶನಿವಾರ ಬೆಳಿಗ್ಗೆ ಮಗಳೊಂದಿಗೆ ಬ್ರುನೆನ್‌ಮಾರ್ಕ್ಟ್‌ಗೆ ಹೋಗಿ, ಟಿಕೆಟ್ಟು, ಲಿಫ್ಟು, ದಾರಿ ಎಲ್ಲ ಅವಳೆದುರು ನೀವೇ ಮಾಡಿ. ಮುಂದಿನ ವಾರದಿಂದ ಇಬ್ಬರೇ ಹೊರಡಿ. ಮನೆಯ ವಿಳಾಸ ಬರೆದ ಚೀಟಿ ಇಬ್ಬರ ಜೇಬಿನಲ್ಲೂ ಬೇರೆಬೇರೆಯಾಗಿ ಇರಲಿ. ತುರ್ತಿಗೆ ಆ್ಯಂಬುಲೆನ್ಸ್ 144, ಪೊಲೀಸ್ 133. ಭಾನುವಾರ ಅಂಗಡಿ, ಸಂತೆಗಳೆಲ್ಲ ಮುಚ್ಚಿರುವುದರಿಂದ ಆ ದಿನವನ್ನು ಕಾರ್ಲ್ ಮಾರ್ಕ್ಸ್ ಹೋಫ್‌ಗೆ ಇಟ್ಟುಕೊಳ್ಳಿ. ಬಟ್ಟೆ ಒಗೆಯುವ ಕಟ್ಟಡದ ಪ್ರದರ್ಶನ ತೆರೆದಿರುವುದು ಗುರುವಾರ ಮತ್ತು ಭಾನುವಾರ, ಅದೂ ಮಧ್ಯಾಹ್ನದಿಂದ ಕೆಲವು ಗಂಟೆ ಮಾತ್ರ. ಹೊರಡುವ ಮುನ್ನ ಅಂದಿನ ವೇಳೆಯನ್ನು ಮಗಳಿಂದ ಒಮ್ಮೆ ನೋಡಿಸಿ.